ದೂರದ ಬಂದರುಗಳ ನಡುವಿನ ಸಮುದ್ರ ಅಂತರ ಹಾಗೂ ಪ್ರಯಾಣದ ಅವಧಿಯ ಅಂದಾಜು: ರಫ್ತು ಸಂಬಂಧಿತ ಸೇವೆಗಳಿಗೆ ಅರ್ಜಿ ಸಲ್ಲಿಸುವವರ ಗಮನಕ್ಕೆ

1. ಪೀಠಿಕೆ

ವಿದೇಶಗಳಿಗೆ ಸರಕು ಕಳುಹಿಸುವ ನಾಗರಿಕರು ಮೂಲ ಪ್ರಮಾಣಪತ್ರ, ಸಸ್ಯ ಆರೋಗ್ಯ ಪ್ರಮಾಣಪತ್ರ, ಸರಕು ವಿಮೆ ಹಾಗೂ ಬ್ಯಾಂಕಿನ ರಫ್ತು ಸಾಲ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕಾಗುತ್ತದೆ. ಸರಕು ಇಲ್ಲಿಂದ ಹೊರಟು ಅಲ್ಲಿಗೆ ತಲುಪಲು ಎಷ್ಟು ದಿನ ಬೇಕು? ಈ ಉತ್ತರವನ್ನು ಅವಲಂಬಿಸಿಯೇ ಖರೀದಿದಾರನಿಗೆ ನೀಡುವ ದಿನಾಂಕ, ಸಾಲದ ಅವಧಿ ಹಾಗೂ ಹಣ ಕೈಸೇರುವ ಕಾಲ ನಿರ್ಧಾರವಾಗುತ್ತವೆ.

2023ರ ಅಂತ್ಯದವರೆಗೆ ಬಹುಪಾಲು ರಫ್ತುದಾರರು ಈ ಪ್ರಶ್ನೆಯನ್ನು ಹೆಚ್ಚು ಯೋಚಿಸದೆ, ಹಿಂದಿನ ವರ್ಷದ ಅನುಭವದ ಆಧಾರದ ಮೇಲೆ ಉತ್ತರಿಸಿಕೊಳ್ಳುತ್ತಿದ್ದರು. ಕೆಂಪು ಸಮುದ್ರದಲ್ಲಿ ಉಂಟಾದ ಬಿಕ್ಕಟ್ಟಿನ ತರುವಾಯ ಆ ರೂಢಿ ಸುರಕ್ಷಿತವಾಗಿ ಉಳಿದಿಲ್ಲ. ಎರಡು ಬಂದರುಗಳ ನಡುವಿನ ಅಂತರವೆಂಬುದು ಸ್ಥಿರವಾದ ಸಂಖ್ಯೆಯಲ್ಲ. ಹಡಗು ಸಾಗುವ ಮಾರ್ಗವು ಬದಲಾದರೆ ಅಂತರವೂ ಬದಲಾಗುತ್ತದೆ. ಈ ವಿಷಯವನ್ನು ಕರ್ನಾಟಕದ ಕಾಫಿ ರಫ್ತಿನ ನಿದರ್ಶನದ ಮೂಲಕ ಇಲ್ಲಿ ವಿಶ್ಲೇಷಿಸಲಾಗಿದೆ. ಭಾರತದ ಕಾಫಿಯ ಅತಿ ದೊಡ್ಡ ಪಾಲನ್ನು ಕರ್ನಾಟಕವು ಉತ್ಪಾದಿಸುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂ ಇದರ ಪ್ರಮುಖ ಖರೀದಿದಾರ ರಾಷ್ಟ್ರಗಳ ಪೈಕಿ ಸೇರಿವೆ. ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಕಾಫಿಗೆ ನವ ಮಂಗಳೂರು ಬಂದರು ಸಮೀಪದ ಸಮುದ್ರದ್ವಾರವಾಗಿದೆ.

2. ಅಳತೆಯ ಮಾನಗಳು

ಸಮುದ್ರದ ಅಂತರವನ್ನು ನಾಟಿಕಲ್ ಮೈಲುಗಳಲ್ಲಿ ಅಳೆಯಲಾಗುತ್ತದೆ. ಒಂದು ನಾಟಿಕಲ್ ಮೈಲು 1,852 ಮೀಟರ್‌ಗಳಿಗೆ ಸಮ. ಹಡಗಿನ ವೇಗವನ್ನು ನಾಟ್ ಎಂಬ ಮಾನದಲ್ಲಿ ಹೇಳಲಾಗುತ್ತದೆ. ಗಂಟೆಗೆ ಒಂದು ನಾಟಿಕಲ್ ಮೈಲು ಸಾಗಿದರೆ ಒಂದು ನಾಟ್. 14 ನಾಟ್ ವೇಗದ ಹಡಗು ದಿನವೊಂದಕ್ಕೆ 14 × 24 = 336 ನಾಟಿಕಲ್ ಮೈಲು ಕ್ರಮಿಸುತ್ತದೆ.

ನಾಟಿಕಲ್ ಮೈಲಿನಲ್ಲಿ ಲೆಕ್ಕ ಹಾಕುವುದರಿಂದ ಒಂದು ಅನುಕೂಲವಿದೆ. ಅಕ್ಷಾಂಶದ ಒಂದು ಡಿಗ್ರಿಯು 60 ನಾಟಿಕಲ್ ಮೈಲುಗಳಿಗೆ ಸಮ. ರೇಖಾಂಶದ ಒಂದು ಡಿಗ್ರಿಯು ಸಮಭಾಜಕ ವೃತ್ತದ ಮೇಲೆ 60 ಮೈಲು ಇದ್ದು, ಧ್ರುವಗಳ ಕಡೆಗೆ ಸಾಗಿದಂತೆ ಕಡಿಮೆಯಾಗುತ್ತದೆ. ನವ ಮಂಗಳೂರು ಬಂದರು ಸುಮಾರು 12.9 ಡಿಗ್ರಿ ಉತ್ತರ ಅಕ್ಷಾಂಶ ಹಾಗೂ 74.8 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಅರಬ್ಬೀ ಸಮುದ್ರದ ಆಚೆಗಿನ ಏಡನ್ ಬಂದರು ಸುಮಾರು 12.8 ಡಿಗ್ರಿ ಉತ್ತರ ಅಕ್ಷಾಂಶ ಹಾಗೂ 45 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಎರಡೂ ಬಂದರುಗಳು ಬಹುತೇಕ ಒಂದೇ ಅಕ್ಷಾಂಶದಲ್ಲಿರುವುದರಿಂದ ಲೆಕ್ಕ ಸುಲಭ. ರೇಖಾಂಶಗಳ ವ್ಯತ್ಯಾಸ 29.8 ಡಿಗ್ರಿ. ಇದನ್ನು 60ರಿಂದ ಗುಣಿಸಿದರೆ 1,788. ಈ ಅಕ್ಷಾಂಶಕ್ಕೆ ಅನ್ವಯಿಸುವ 0.975 ಎಂಬ ಗುಣಕದಿಂದ ಪುನಃ ಗುಣಿಸಿದರೆ ಸುಮಾರು 1,740 ನಾಟಿಕಲ್ ಮೈಲು ಬರುತ್ತದೆ. 14 ನಾಟ್ ವೇಗದಲ್ಲಿ ಇದು ಐದು ದಿನಗಳಿಗೆ ತುಸು ಹೆಚ್ಚಿನ ಪ್ರಯಾಣ.

ಈ ನೇರ ಲೆಕ್ಕವು ನಡುವೆ ತೆರೆದ ಸಮುದ್ರವಿರುವಾಗ ಮಾತ್ರ ಅನ್ವಯಿಸುತ್ತದೆ. ನಡುವೆ ಭೂಭಾಗವಿದ್ದಲ್ಲಿ ಪ್ರಯಾಣವನ್ನು ಹಲವು ತುಂಡುಗಳಾಗಿ ವಿಂಗಡಿಸಿ, ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಅಳೆದು ಕೂಡಿಸಬೇಕಾಗುತ್ತದೆ.

3. ಒಂದೇ ಜೋಡಿ ಬಂದರು, ಮೂರು ಅಂತರಗಳು

ಮಂಗಳೂರಿನಿಂದ ನೆದರ್ಲೆಂಡ್ಸ್ ದೇಶದ ರಾಟರ್‌ಡ್ಯಾಂ ಬಂದರಿಗೆ ಎಷ್ಟು ದೂರ ಎಂದು ಕೇಳಿದರೆ ಕನಿಷ್ಠ ಮೂರು ಉತ್ತರಗಳು ದೊರೆಯುತ್ತವೆ.

ಅ) ಭೂಗೋಳದ ಮೇಲೆ ನೇರವಾಗಿ ಅಳೆದರೆ ಸುಮಾರು 7,500 ಕಿಲೋಮೀಟರ್. ಇದು ವಿಮಾನದ ಅಂತರ, ಹಡಗಿಗೆ ಸಂಬಂಧವಿಲ್ಲದ್ದು.

ಆ) ಏಡನ್, ಕೆಂಪು ಸಮುದ್ರ, ಸೂಯೆಜ್ ಕಾಲುವೆ, ಮೆಡಿಟರೇನಿಯನ್ ಸಮುದ್ರ ಹಾಗೂ ಜಿಬ್ರಾಲ್ಟರ್ ಮಾರ್ಗವಾಗಿ ಸುಮಾರು 6,400 ನಾಟಿಕಲ್ ಮೈಲು, ಅಂದರೆ 11,850 ಕಿಲೋಮೀಟರ್.

ಇ) ಆಫ್ರಿಕಾ ಖಂಡದ ದಕ್ಷಿಣದಲ್ಲಿರುವ ಗುಡ್ ಹೋಪ್ ಭೂಶಿರವನ್ನು ಬಳಸಿ ಸುಮಾರು 10,600 ನಾಟಿಕಲ್ ಮೈಲು, ಅಂದರೆ 19,600 ಕಿಲೋಮೀಟರ್.

14 ನಾಟ್ ವೇಗದಲ್ಲಿ ಎರಡನೆಯ ಮಾರ್ಗಕ್ಕೆ 19 ದಿನ ಹಾಗೂ ಮೂರನೆಯ ಮಾರ್ಗಕ್ಕೆ ಮೂವತ್ತೊಂದೂವರೆ ದಿನ ಬೇಕಾಗುತ್ತದೆ. ವ್ಯತ್ಯಾಸ ಹನ್ನೆರಡೂವರೆ ದಿನ.

ಇಟಲಿಯ ಜಿನೋವಾ ಬಂದರಿನ ಲೆಕ್ಕ ಇದಕ್ಕಿಂತ ಹೆಚ್ಚು ಗಮನಾರ್ಹವಾಗಿದೆ. ಸೂಯೆಜ್ ಮೂಲಕ ಜಿನೋವಾ ಸುಮಾರು 4,600 ನಾಟಿಕಲ್ ಮೈಲು ದೂರದಲ್ಲಿದ್ದು, ಸುಮಾರು 14 ದಿನಗಳ ಪ್ರಯಾಣವಾಗುತ್ತದೆ. ಗುಡ್ ಹೋಪ್ ಭೂಶಿರವನ್ನು ಬಳಸಿ ಬರುವ ಹಡಗು ಆಫ್ರಿಕಾದ ಪಶ್ಚಿಮ ತೀರದುದ್ದಕ್ಕೂ ಉತ್ತರಕ್ಕೆ ಸಾಗಿ, ಜಿಬ್ರಾಲ್ಟರ್ ಮೂಲಕ ಮೆಡಿಟರೇನಿಯನ್ ಸಮುದ್ರವನ್ನು ಹಿಂಬಾಗಿಲಿನಿಂದ ಪ್ರವೇಶಿಸಬೇಕು. ಆಗ ಅಂತರ ಸುಮಾರು 10,400 ನಾಟಿಕಲ್ ಮೈಲು; ಪ್ರಯಾಣ 31 ದಿನ. ಹೆಚ್ಚುವರಿ ದಿನಗಳು 17.

ಸೂಯೆಜ್ ಮಾರ್ಗದಲ್ಲಿ ಇಟಲಿಯು ನೆದರ್ಲೆಂಡ್ಸ್‌ಗಿಂತ ಬಹಳ ಸಮೀಪ. ಭೂಶಿರದ ಮಾರ್ಗದಲ್ಲಿ ಎರಡೂ ಹೆಚ್ಚುಕಡಿಮೆ ಸಮಾನ ದೂರ. ಆದುದರಿಂದ ಮಾರ್ಗ ಬದಲಾವಣೆಯ ಭಾರವು ಹತ್ತಿರದ ಮಾರುಕಟ್ಟೆಯೆಂದು ನಂಬಿದ್ದ ಇಟಲಿಯ ವ್ಯಾಪಾರದ ಮೇಲೆಯೇ ಅಧಿಕವಾಗಿ ಬೀಳುತ್ತದೆ. "ಯೂರೋಪಿಗೆ ಎರಡು ವಾರ ಹೆಚ್ಚು" ಎಂಬ ಸಾಮಾನ್ಯ ಹೇಳಿಕೆಯನ್ನು ಎಲ್ಲ ಬಂದರುಗಳಿಗೂ ಅನ್ವಯಿಸುವುದು ಸರಿಯಲ್ಲ.

4. ಮಾರ್ಗ ಬದಲಾದ ಹಿನ್ನೆಲೆ

ಸೂಯೆಜ್ ಕಾಲುವೆಯು 1869ರ ನವೆಂಬರ್ 17ರಂದು ಸಂಚಾರಕ್ಕೆ ತೆರೆಯಿತು. 193 ಕಿಲೋಮೀಟರ್ ಉದ್ದದ ಈ ಕಾಲುವೆಯನ್ನು ಶಾಶ್ವತ ಸೌಲಭ್ಯವೆಂದು ಭಾವಿಸುವುದು ಸಹಜವಾದರೂ ಇತಿಹಾಸವು ಬೇರೆಯೇ ಪಾಠವನ್ನು ಹೇಳುತ್ತದೆ. 1967ರ ಜೂನ್ ತಿಂಗಳ ಯುದ್ಧದಲ್ಲಿ ಮುಚ್ಚಿದ ಕಾಲುವೆಯು ಪುನಃ ತೆರೆದದ್ದು 1975ರ ಜೂನ್ 5ರಂದು. 2021ರ ಮಾರ್ಚ್ 23ರಂದು ಸುಮಾರು 400 ಮೀಟರ್ ಉದ್ದದ ಎವರ್ ಗಿವನ್ ಎಂಬ ಹಡಗು ಕಾಲುವೆಗೆ ಅಡ್ಡಲಾಗಿ ಸಿಲುಕಿ, ಮಾರ್ಚ್ 29ರವರೆಗೆ ಸಂಚಾರವನ್ನು ಸ್ಥಗಿತಗೊಳಿಸಿತು.

ಈಚಿನ ಬಿಕ್ಕಟ್ಟಿನಲ್ಲಿ ಕಾಲುವೆ ಮುಚ್ಚಲಿಲ್ಲ. ಕಾಲುವೆಗೆ ತಲುಪುವ ದಾರಿ ಅಪಾಯಕಾರಿಯಾಯಿತು. 2023ರ ನವೆಂಬರ್ 19ರಂದು ಯೆಮೆನ್ ದೇಶದ ಹೌತಿ ಪಡೆಗಳು ಗ್ಯಾಲಕ್ಸಿ ಲೀಡರ್ ಎಂಬ ಹಡಗನ್ನು ಕೆಂಪು ಸಮುದ್ರದಲ್ಲಿ ವಶಪಡಿಸಿಕೊಂಡವು. ಅದೇ ವರ್ಷದ ಡಿಸೆಂಬರ್ ಮಧ್ಯಭಾಗದಿಂದ ಪ್ರಮುಖ ಕಂಟೇನರ್ ಹಡಗು ಸಂಸ್ಥೆಗಳು ಬಾಬ್-ಅಲ್-ಮಂದೆಬ್ ಜಲಸಂಧಿಯನ್ನು ತೊರೆದು ಭೂಶಿರದ ಮಾರ್ಗವನ್ನು ಹಿಡಿದವು. 2024ರ ಮಾರ್ಚ್ 2ರಂದು ರೂಬಿಮಾರ್ ಎಂಬ ಹಡಗು ದಾಳಿಯ ಪರಿಣಾಮವಾಗಿ ಮುಳುಗಿತು. ಅದೇ ತಿಂಗಳ 6ರಂದು ಟ್ರೂ ಕಾನ್ಫಿಡೆನ್ಸ್ ಹಡಗಿನ ಮೇಲೆ ನಡೆದ ದಾಳಿಯಲ್ಲಿ ಮೂವರು ನಾವಿಕರು ಮೃತಪಟ್ಟರು. ಒಬ್ಬ ಭಾರತೀಯನೂ ಸೇರಿದಂತೆ ಉಳಿದ 21 ಮಂದಿಯನ್ನು ಭಾರತೀಯ ನೌಕಾಪಡೆಯ ಐಎನ್‌ಎಸ್ ಕೋಲ್ಕತ್ತಾ ರಕ್ಷಿಸಿತು. ಮಾರ್ಗ ಬದಲಾವಣೆಯನ್ನು ಕೇವಲ ಹಡಗು ಸಂಸ್ಥೆಗಳ ಲಾಭನಷ್ಟದ ವಿಷಯವೆಂದು ಪರಿಗಣಿಸಲಾಗದು. ನಾವಿಕರ ಜೀವರಕ್ಷಣೆಯ ಪ್ರಶ್ನೆಯೂ ಅದರಲ್ಲಿ ಅಡಗಿದೆ.

2023ರಲ್ಲಿ ಸುಮಾರು 26,000 ಹಡಗುಗಳು ಸೂಯೆಜ್ ಕಾಲುವೆಯನ್ನು ದಾಟಿದ್ದರೆ, 2024ರಲ್ಲಿ ಈ ಸಂಖ್ಯೆ ಸುಮಾರು 13,000ಕ್ಕೆ ಇಳಿಯಿತು. 2025ರ ಜುಲೈ ತಿಂಗಳಿನಲ್ಲಿ ಮ್ಯಾಜಿಕ್ ಸೀಸ್ ಮತ್ತು ಎಟರ್ನಿಟಿ ಸಿ ಎಂಬ ಇನ್ನೆರಡು ಹಡಗುಗಳು ದಾಳಿಗೊಳಗಾಗಿ ಮುಳುಗಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಗಾಜಾ ಕದನ ವಿರಾಮವಾದ ನಂತರ ಕೆಲವು ಸಂಸ್ಥೆಗಳು ಕೆಲವೇ ಹಡಗುಗಳನ್ನು ಪರೀಕ್ಷಾರ್ಥವಾಗಿ ಈ ಮಾರ್ಗದಲ್ಲಿ ಕಳುಹಿಸಿದವು. ಒಂದೇ ಬಂದರಿನಿಂದ ಒಂದೇ ವಾರದಲ್ಲಿ ಹೊರಡುವ ಎರಡು ಹಡಗುಗಳು ಭಿನ್ನ ಮಾರ್ಗಗಳನ್ನು ಹಿಡಿಯುವ ಸಾಧ್ಯತೆ ಇರುವುದರಿಂದ, ಕಾಯ್ದಿರಿಸುವ ಸಮಯದಲ್ಲಿ ಮಾರ್ಗವನ್ನು ಕೇಳಿ ತಿಳಿಯುವುದು ಅತ್ಯಗತ್ಯ.

5. ಹಡಗು ವೇಗವನ್ನು ಹೆಚ್ಚಿಸಬಾರದೇಕೆ?

ಅಂತರ ಹೆಚ್ಚಿದರೆ ವೇಗ ಹೆಚ್ಚಿಸಿ ದಿನಗಳನ್ನು ಸರಿದೂಗಿಸಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಹಡಗಿನ ದೈನಂದಿನ ಇಂಧನ ವೆಚ್ಚವು ಸ್ಥೂಲವಾಗಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. 14 ನಾಟ್ ವೇಗವನ್ನು 16ಕ್ಕೆ ಏರಿಸಿದರೆ ದಿನದ ಇಂಧನ ಸುಮಾರು ಅರ್ಧದಷ್ಟು ಅಧಿಕವಾಗುತ್ತದೆ. ಇಷ್ಟಾದರೂ 10,600 ಮೈಲುಗಳ ಪ್ರಯಾಣದಲ್ಲಿ ಉಳಿಯುವುದು ನಾಲ್ಕು ದಿನ ಮಾತ್ರ. ಆದುದರಿಂದ ವೇಗದ ಭರವಸೆಯ ಮೇಲೆ ದಿನಾಂಕ ನೀಡುವುದು ಸೂಕ್ತವಲ್ಲ.

ಹವಾಮಾನವನ್ನೂ ಗಮನಿಸತಕ್ಕದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮುಂಗಾರಿನ ಅಲೆಗಳು ಅರಬ್ಬೀ ಸಮುದ್ರದಲ್ಲಿ ಪಶ್ಚಿಮಾಭಿಮುಖವಾಗಿ ಸಾಗುವ ಹಡಗುಗಳಿಗೆ ಎದುರಾಗುತ್ತವೆ. ಅದೇ ತಿಂಗಳುಗಳು ದಕ್ಷಿಣ ಆಫ್ರಿಕಾದಲ್ಲಿ ಚಳಿಗಾಲವಾಗಿದ್ದು, ಭೂಶಿರದ ಸುತ್ತ ಬಿರುಗಾಳಿ ಹೆಚ್ಚು. ದಕ್ಷಿಣ ಆಫ್ರಿಕಾದ ಪೂರ್ವ ತೀರದಲ್ಲಿ ನೈರುತ್ಯಕ್ಕೆ ಹರಿಯುವ ಅಗುಲ್ಹಾಸ್ ಪ್ರವಾಹವು ಹೋಗುವ ಹಡಗಿಗೆ ಒಂದಿಷ್ಟು ನೆರವಾಗುತ್ತದೆಯಾದರೂ, ಎದುರುಗಾಳಿ ಬೀಸಿದಾಗ ಅಲ್ಲಿಯೇ ಅಪಾಯಕಾರಿ ಅಲೆಗಳು ಏಳುತ್ತವೆ.

6. ಬಂದರಿನಿಂದ ಬಂದರಿಗೆ: ಪೂರ್ಣ ಅವಧಿಯ ಲೆಕ್ಕ

ಅಂತರವನ್ನು ವೇಗದಿಂದ ಭಾಗಿಸಿದರೆ ದೊರೆಯುವುದು ಸಮುದ್ರದ ಮೇಲಿನ ದಿನಗಳು ಮಾತ್ರ. ನವ ಮಂಗಳೂರಿನ ಅನೇಕ ಕಂಟೇನರ್‌ಗಳು ಸಣ್ಣ ಫೀಡರ್ ಹಡಗಿನಲ್ಲಿ ಕೊಲಂಬೊದಂತಹ ಬಂದರಿಗೆ ಹೋಗಿ, ಅಲ್ಲಿ ದೊಡ್ಡ ಹಡಗಿಗೆ ವರ್ಗಾವಣೆಯಾಗುತ್ತವೆ. ಮಂಗಳೂರಿನಿಂದ ಕೊಲಂಬೊಗೆ ಸುಮಾರು 500 ನಾಟಿಕಲ್ ಮೈಲು. ಅಲ್ಲಿಂದ ಹಿಂದಿರುಗಿ ಏಡನ್ ಕಡೆಗೆ ಸಾಗಿದರೆ ನೇರ ಪ್ರಯಾಣಕ್ಕಿಂತ ಸುಮಾರು 850 ಮೈಲು, ಅಂದರೆ ಎರಡೂವರೆ ದಿನ ಹೆಚ್ಚಾಗುತ್ತದೆ. ಭೂಶಿರದ ಕಡೆಗೆ ಸಾಗಿದರೆ ಒಂದೂವರೆ ದಿನ ಹೆಚ್ಚು. ಇದಲ್ಲದೆ ಮುಂದಿನ ಹಡಗಿಗಾಗಿ ಕಾಯುವ ದಿನಗಳೂ ಇವೆ.

ಮಾರ್ಚ್ 1ರಂದು ಕಾಫಿಯ ಕಂಟೇನರ್ ನವ ಮಂಗಳೂರು ಬಂದರನ್ನು ಪ್ರವೇಶಿಸಿ, ಕೊಲಂಬೊ ಮೂಲಕ ಜಿನೋವಾಕ್ಕೆ ಹೋಗುತ್ತದೆಂದು ಭಾವಿಸಿದರೆ ಲೆಕ್ಕವು ಕೆಳಕಂಡಂತಿರುತ್ತದೆ. ಕಾಯುವ ದಿನಗಳನ್ನು ಉದಾಹರಣೆಗಾಗಿ ಮಾತ್ರ ಊಹಿಸಲಾಗಿದೆ.

ಸೂಯೆಜ್ ಮಾರ್ಗ: ಹಡಗೇರಲು 3 ದಿನ, ಸಮುದ್ರದಲ್ಲಿ 16 ದಿನ, ವರ್ಗಾವಣೆಗೆ 7 ದಿನ, ಕಾಲುವೆಯ ಸರದಿ ಹಾಗೂ ದಾಟುವಿಕೆಗೆ 1 ದಿನ, ಹವಾಮಾನಕ್ಕೆ 2 ದಿನ, ಇಳಿಸುವಿಕೆ ಮತ್ತು ಸುಂಕ ತಪಾಸಣೆಗೆ 4 ದಿನ. ಒಟ್ಟು 33 ದಿನ. ಸರಕು ದೊರೆಯುವುದು ಏಪ್ರಿಲ್ 3ರಂದು.

ಭೂಶಿರದ ಮಾರ್ಗ: ಹಡಗೇರಲು 3 ದಿನ, ಸಮುದ್ರದಲ್ಲಿ 33 ದಿನ, ವರ್ಗಾವಣೆಗೆ 7 ದಿನ, ಹವಾಮಾನಕ್ಕೆ 3 ದಿನ, ಇಳಿಸುವಿಕೆ ಮತ್ತು ಸುಂಕ ತಪಾಸಣೆಗೆ 4 ದಿನ. ಒಟ್ಟು 50 ದಿನ. ಸರಕು ದೊರೆಯುವುದು ಏಪ್ರಿಲ್ 20ರಂದು.

"ಜಿನೋವಾ 14 ದಿನ" ಎಂಬ ನಂಬಿಕೆಯ ಮೇಲೆ ಮಾರ್ಚ್ ಮಧ್ಯಭಾಗದ ದಿನಾಂಕವನ್ನು ನೀಡಿದ ರಫ್ತುದಾರನು ಎರಡೂ ಮಾರ್ಗಗಳಲ್ಲಿ ವಿಫಲನಾಗುತ್ತಾನೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

7. ಹೆಚ್ಚುವರಿ ದಿನಗಳ ವೆಚ್ಚವನ್ನು ಭರಿಸುವವರು ಯಾರು?

ಸಣ್ಣ ರಫ್ತುದಾರರ ಪಾಲಿಗೆ ಇದೇ ಮುಖ್ಯ ಪ್ರಶ್ನೆ. 60 ಲಕ್ಷ ರೂಪಾಯಿ ಮೌಲ್ಯದ ಸರಕಿಗೆ ವಾರ್ಷಿಕ ಶೇ. 9ರ ಬಡ್ಡಿಯಲ್ಲಿ ಸಾಲ ಪಡೆಯಲಾಗಿದೆ ಎಂದು ಭಾವಿಸಿದಲ್ಲಿ, ದಿನವೊಂದರ ಬಡ್ಡಿ ಸುಮಾರು 1,480 ರೂಪಾಯಿ. 17 ದಿನಗಳಿಗೆ ಸುಮಾರು 25,150 ರೂಪಾಯಿ. ಇದು ಒಂದು ಕಂಟೇನರ್‌ನ ಲೆಕ್ಕ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಹಣ ತಡವಾಗಿ ಬಂದಷ್ಟೂ ಬೆಳೆಗಾರರಿಗೆ ಪಾವತಿಸುವುದು ಹಾಗೂ ಮುಂದಿನ ಸರಕನ್ನು ಕೊಳ್ಳುವುದು ಮುಂದಕ್ಕೆ ಹೋಗುತ್ತದೆ.

ಆದರೆ ಈ ವೆಚ್ಚವು ತಾನಾಗಿಯೇ ರಫ್ತುದಾರನ ಮೇಲೆ ಬೀಳಬೇಕೆಂದಿಲ್ಲ. ಅದನ್ನು ನಿರ್ಧರಿಸುವುದು ಒಪ್ಪಂದದ ಪದಗಳು. ಬಿಲ್ ಆಫ್ ಲೇಡಿಂಗ್‌ನ ದಿನಾಂಕದಿಂದ ಇಷ್ಟು ದಿನಗಳೊಳಗೆ ಹಣ ಪಾವತಿಸಬೇಕೆಂದು ಒಪ್ಪಂದದಲ್ಲಿದ್ದರೆ, ಮಾರ್ಗ ಉದ್ದವಾದರೂ ಮಾರಾಟಗಾರನ ದಿನಾಂಕ ಬದಲಾಗುವುದಿಲ್ಲ. ಸರಕು ತಲುಪಿದ ದಿನದಿಂದ ಎಂದಿದ್ದರೆ 17 ದಿನಗಳೂ ಮಾರಾಟಗಾರನ ಹೊರೆಯಾಗುತ್ತವೆ. ಇನ್‌ಕೋಟರ್ಮ್ಸ್ ನಿಯಮಗಳಲ್ಲಿ ಎಫ್‌ಒಬಿ ಹಾಗೂ ಸಿಐಎಫ್ ಎರಡರಲ್ಲಿಯೂ ಸರಕಿನ ಅಪಾಯವು ಹಡಗೇರಿದಾಗಲೇ ಖರೀದಿದಾರನಿಗೆ ವರ್ಗವಾಗುತ್ತದೆ. ಸಿಐಎಫ್ ಪದ್ಧತಿಯಲ್ಲಿ ಸಾಗಣೆ ದರ ಮತ್ತು ವಿಮೆಯ ವೆಚ್ಚ ಮಾರಾಟಗಾರನದ್ದಾಗಿರುವುದರಿಂದ, ದರ ನಮೂದಿಸಿದ ನಂತರ ಸಾಗಣೆ ವೆಚ್ಚ ಏರಿದರೆ ನಷ್ಟ ಅವನದೇ. ಸರಕನ್ನು ಗಮ್ಯಸ್ಥಾನಕ್ಕೆ ತಲುಪಿಸಿಕೊಡುವ ಡಿಎಪಿ ಪದ್ಧತಿಯಲ್ಲಿ ಅಪಾಯವೂ ಕೊನೆಯವರೆಗೆ ಅವನ ಬಳಿಯೇ ಉಳಿಯುತ್ತದೆ.

ಲೆಟರ್ ಆಫ್ ಕ್ರೆಡಿಟ್ ಮೂಲಕ ವ್ಯವಹರಿಸುವವರು ಯುಸಿಪಿ 600 ನಿಯಮಗಳಲ್ಲಿನ ಅವಧಿಯನ್ನು ಗಮನಿಸತಕ್ಕದ್ದು. ಬೇರೆ ಅವಧಿ ನಮೂದಿಸದಿದ್ದಲ್ಲಿ, ಮೂಲ ಸಾಗಣೆ ದಾಖಲೆಗಳನ್ನು ಹಡಗೇರಿಸಿದ ದಿನಾಂಕದಿಂದ 21 ದಿನಗಳೊಳಗೆ ಹಾಗೂ ಲೆಟರ್ ಆಫ್ ಕ್ರೆಡಿಟ್‌ನ ಅವಧಿ ಮುಗಿಯುವುದರೊಳಗೆ ಬ್ಯಾಂಕಿಗೆ ಸಲ್ಲಿಸಬೇಕು. ಸರಕು ಇನ್ನೂ ಸಮುದ್ರದಲ್ಲಿದೆ ಎಂಬ ಕಾರಣಕ್ಕೆ ಈ ಗಡುವು ಮುಂದಕ್ಕೆ ಹೋಗುವುದಿಲ್ಲ.

ವಿಮೆಯ ವಿಷಯದಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಸಮಗ್ರ ರಕ್ಷಣೆಯೆಂದು ಪರಿಗಣಿಸಲಾಗುವ ಸರಕು ವಿಮೆಯ 'ಎ' ಷರತ್ತುಗಳಲ್ಲಿಯೂ ಯುದ್ಧದ ಅಪಾಯ ಒಳಗೊಂಡಿರುವುದಿಲ್ಲ; ಅದನ್ನು ಪ್ರತ್ಯೇಕವಾಗಿ ಪಡೆಯಬೇಕು. ಕೇವಲ ವಿಳಂಬದಿಂದಾದ ನಷ್ಟವೂ ಸದರಿ ಷರತ್ತುಗಳಲ್ಲಿ ಹೊರಗಿಡಲ್ಪಟ್ಟಿದೆ.

8. ದೀರ್ಘ ಪ್ರಯಾಣ ಮತ್ತು ಸರಕಿನ ಗುಣಮಟ್ಟ

ಮಂಗಳೂರಿನಿಂದ ಭೂಶಿರದ ಮಾರ್ಗವಾಗಿ ಯೂರೋಪಿಗೆ ಹೋಗುವ ಕಂಟೇನರ್ ಸಮಭಾಜಕ ವೃತ್ತವನ್ನು ಎರಡು ಬಾರಿ ದಾಟುತ್ತದೆ. ಉಷ್ಣ ಮತ್ತು ಶೀತ ವಲಯಗಳ ಬದಲಾವಣೆಯಿಂದ ಕಂಟೇನರ್‌ನ ಒಳಮೇಲ್ಮೈಯಲ್ಲಿ ನೀರಹನಿಗಳು ಕೂಡಿ ಚೀಲಗಳ ಮೇಲೆ ಬೀಳುವ ಸಂಭವವಿದೆ. ಸರಿಯಾಗಿ ಒಣಗಿಸಿದ ಬೀಜ, ತೇವ ಹೀರುವ ಪೊಟ್ಟಣಗಳು ಹಾಗೂ ಒಳಹಾಸು ಇಂತಹ ಪ್ರಯಾಣದಲ್ಲಿ ಹೆಚ್ಚು ಮುಖ್ಯವಾಗುತ್ತವೆ.

ಈ ಪ್ರದೇಶದ ಕಾಫಿಗೆ ದೀರ್ಘ ಪ್ರಯಾಣ ಹೊಸದೇನಲ್ಲ. ಹಾಯಿಹಡಗುಗಳ ಕಾಲದಲ್ಲಿ ಭೂಶಿರವನ್ನು ಬಳಸಿ ತಿಂಗಳುಗಟ್ಟಲೆ ಸಾಗುತ್ತಿದ್ದ ಬೀಜವು ಸಮುದ್ರದ ತೇವದಿಂದ ಉಬ್ಬಿ, ಬಣ್ಣ ಬದಲಿಸಿ, ಬೇರೆಯೇ ರುಚಿ ಪಡೆಯುತ್ತಿತ್ತು ಎಂದು ಕಾಫಿ ವ್ಯಾಪಾರದಲ್ಲಿ ಹೇಳಲಾಗುತ್ತದೆ. ಪ್ರಯಾಣ ಕಿರಿದಾದ ಮೇಲೆ ಆ ರುಚಿಯನ್ನು ಬಯಸಿದ ಗ್ರಾಹಕರಿಗಾಗಿ ಕರಾವಳಿಯ ಮುಂಗಾರು ಗಾಳಿಗೆ ಬೀಜವನ್ನು ಒಡ್ಡುವ ಪದ್ಧತಿ ಬೆಳೆಯಿತು. ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುವ ಮಾನ್ಸೂನ್ಡ್ ಮಲಬಾರ್ ಕಾಫಿ ಇದೇ. ಆದರೆ ಅಂದಿನ ಆಕಸ್ಮಿಕವನ್ನು ಇಂದಿನ ಖರೀದಿದಾರನು ಒಪ್ಪುವುದಿಲ್ಲ. ಒಪ್ಪಂದದಲ್ಲಿರುವ ತೇವಾಂಶವನ್ನೇ ಅವನು ಅಪೇಕ್ಷಿಸುತ್ತಾನೆ.

9. ಅರ್ಜಿದಾರರು ಅನುಸರಿಸಬಹುದಾದ ಕ್ರಮ

ಅ) ಕಂಟೇನರ್ ಕಾಯ್ದಿರಿಸುವಾಗ ಹಡಗಿನ ಮಾರ್ಗ ಹಾಗೂ ವರ್ಗಾವಣೆಯ ಬಂದರನ್ನು ಏಜೆಂಟರಿಂದ ಲಿಖಿತವಾಗಿ ಪಡೆಯುವುದು.

ಆ) ಅಂತರವನ್ನು ತುಂಡುಗಳಾಗಿ ಕೂಡಿಸಿ, ದಿನಕ್ಕೆ 336 ಮೈಲಿನಂತೆ ಭಾಗಿಸಿ, ಕಾಯುವ ದಿನಗಳನ್ನು ಸೇರಿಸಿ ತಾಳೆ ನೋಡುವುದು. ಏಜೆಂಟರು ಹೇಳಿದ ಅವಧಿಯು ಈ ಲೆಕ್ಕಕ್ಕಿಂತ ಬಹಳ ಕಡಿಮೆಯಿದ್ದಲ್ಲಿ ಕಾರಣ ಕೇಳುವುದು.

ಇ) ಎರಡೂ ಮಾರ್ಗಗಳ ದಿನಾಂಕಗಳನ್ನು ಬರೆದಿಟ್ಟುಕೊಂಡು, ಖರೀದಿದಾರನಿಗೆ ಭೂಶಿರದ ಮಾರ್ಗದ ದಿನಾಂಕವನ್ನೇ ತಿಳಿಸುವುದು.

ಈ) ಸಾಲದ ಅವಧಿಯನ್ನು ದೀರ್ಘ ಮಾರ್ಗಕ್ಕೆ ಅನುಗುಣವಾಗಿ ಕೋರುವುದು. ಅವಧಿ ಮುಗಿದ ಮೇಲೆ ವಿಸ್ತರಣೆ ಕೋರುವುದಕ್ಕಿಂತ ಮೊದಲೇ ತಿಳಿಸುವುದು ಸುಲಭ.

ಉ) ಹಣ ಪಾವತಿಯ ದಿನಗಳನ್ನು ಎಲ್ಲಿಂದ ಎಣಿಸಬೇಕು ಎಂಬುದನ್ನು ಒಪ್ಪಂದದಲ್ಲಿ ಸ್ಪಷ್ಟವಾಗಿ ನಮೂದಿಸುವುದು.

ಊ) ವಿದೇಶಕ್ಕೆ ಮನೆಸಾಮಾನು ಕಳುಹಿಸುವ ಕುಟುಂಬಗಳು ಮೂಲ ದಾಖಲೆಗಳು, ಮಕ್ಕಳ ಶಾಲಾ ಪ್ರಮಾಣಪತ್ರಗಳು ಹಾಗೂ ತಕ್ಷಣ ಬೇಕಾಗುವ ಬಟ್ಟೆಬರೆಗಳನ್ನು ಹಡಗಿನ ಸರಕಿನಲ್ಲಿ ಇರಿಸದೆ ತಮ್ಮೊಂದಿಗೆ ಒಯ್ಯುವುದು.

10. ಉಪಸಂಹಾರ

ಕಾಲುವೆಯ ಮಾರ್ಗ ಪೂರ್ಣವಾಗಿ ಸಹಜ ಸ್ಥಿತಿಗೆ ಮರಳಿದರೂ ಈ ಲೆಕ್ಕದ ಅಗತ್ಯ ಮುಗಿಯುವುದಿಲ್ಲ. 1967ರಲ್ಲಿ ಎಂಟು ವರ್ಷ, 2021ರಲ್ಲಿ ಆರು ದಿನ, 2023ರ ತರುವಾಯ ಎರಡು ವರ್ಷಗಳಿಗೂ ಮೀರಿ, ಹೀಗೆ ಅಡಚಣೆಯ ಕಾರಣ ಮತ್ತು ಅವಧಿ ಪ್ರತಿ ಸಲವೂ ಭಿನ್ನವಾಗಿದ್ದವು. ಅಡಚಣೆಯ ಸಮಯವನ್ನು ಮುಂಗಾಣುವುದು ರಫ್ತುದಾರನಿಗೆ ಸಾಧ್ಯವಿಲ್ಲ. ಆದರೆ ಅದು ಸಂಭವಿಸಿದಲ್ಲಿ ಎಷ್ಟು ದಿನ ಹೆಚ್ಚಾಗುತ್ತದೆ, ಆ ದಿನಗಳ ವೆಚ್ಚ ಯಾರದು ಎಂಬುದನ್ನು ಸರಕು ಹಡಗೇರುವ ಮುನ್ನವೇ ತಿಳಿದಿರುವುದು ಅವನ ಕೈಯಲ್ಲಿದೆ. ನಾಗರಿಕರು ಅರ್ಜಿಗಳಲ್ಲಿ ದಿನಾಂಕಗಳನ್ನು ನಮೂದಿಸುವ ಮುನ್ನ ಮೇಲ್ಕಂಡ ಅಂಶಗಳನ್ನು ಪರಿಶೀಲಿಸುವಂತೆ ಕೋರಲಾಗಿದೆ. ಇಲ್ಲಿ ನೀಡಿರುವ ಅಂತರಗಳು ಸ್ಥೂಲ ಅಂದಾಜುಗಳಾಗಿದ್ದು, ನಿರ್ದಿಷ್ಟ ಪ್ರಯಾಣಕ್ಕೆ ಹಡಗು ಸಂಸ್ಥೆಯ ವೇಳಾಪಟ್ಟಿಯನ್ನು ಆಧಾರವಾಗಿ ಪರಿಗಣಿಸತಕ್ಕದ್ದು.